ಮಿತಾಕ್ಷರವೂ ಮೊಮ್ಮಗಳ ಅರ್ಜಿಯೂ

ನಮ್ಮ ಹಳೆಯ ಮೈಸೂರು ಸೀಮೆಯ ಗೃಹಸ್ಥನು ತನ್ನ ಜಾತಕವನ್ನು ಅಪರಿಚಿತರ ಮುಂದೆ ಬಿಚ್ಚಿಯಾನು, ತನ್ನ ಮೂಲವ್ಯಾಧಿಯ ಸಮಗ್ರ ಇತಿಹಾಸವನ್ನು ರೈಲಿನಲ್ಲಿ ಎದುರಿಗೆ ಕುಳಿತವನಿಗೆ ಅರಸೀಕೆರೆಯಿಂದ ಬೀರೂರಿನ ಪರ್ಯಂತ ನಿವೇದಿಸಿಯಾನು, ಆದರೆ ತನ್ನ ವರಮಾನವೆಷ್ಟೆಂಬುದನ್ನು ಮಾತ್ರ ಕೈಹಿಡಿದ ಹೆಂಡತಿಗೂ ಹೇಳಲಾರನು. ಕೇಳಿದವರಿಗೆ "ಏನೋ, ದೇವರು ನಡೆಸಿಕೊಂಡು ಹೋಗುತ್ತಿದ್ದಾನೆ" ಎಂಬ ಉತ್ತರವು ಸದಾ ಸಿದ್ಧವಾಗಿರುತ್ತದೆ. ಸಾಲದಲ್ಲಿ ಮುಳುಗಿದವನೂ ಇದನ್ನೇ ಹೇಳುತ್ತಾನೆ, ಮೂರು ಮನೆಗಳನ್ನು ಬಾಡಿಗೆಗೆ ಬಿಟ್ಟವನೂ ಇದನ್ನೇ ಹೇಳುತ್ತಾನೆ, ಆದಕಾರಣ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಈ ಸನಾತನ ವ್ಯವಸ್ಥೆಗೆ ಭಂಗ ತರಬಲ್ಲ ಶಕ್ತಿಯು ಭೂಮಂಡಲದಲ್ಲಿ ಇಲ್ಲವೆಂದೇ ನಾನು ನಂಬಿದ್ದೆನು. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಎಂಬ ಊರಿನಲ್ಲಿ, ಮಗನ ಮನೆಯ ಊಟದ ಮೇಜಿನ ಮೇಲೆ, ಅಂತಹ ಶಕ್ತಿಯು ಎರಡು ಅರ್ಜಿಗಳ ರೂಪದಲ್ಲಿ ಅವತರಿಸಿದುದನ್ನು ಕಣ್ಣಾರೆ ಕಂಡೆನು.

ಆ ದೇಶದಲ್ಲಿ ಹೈಸ್ಕೂಲಿನ ಕಡೆಯ ವರ್ಷದ ಮಕ್ಕಳಿಗೆ ಸೀನಿಯರ್ ಎಂದು ಹೆಸರು. ಮೇಪಲ್ ಮರಗಳು ಕೆಂಪಾಗುವ ಕಾಲಕ್ಕೆ ಸರಿಯಾಗಿ ಈ ಸೀನಿಯರುಗಳ ತಂದೆತಾಯಿಗಳು ಬಿಳಿಚಿಕೊಳ್ಳತೊಡಗುತ್ತಾರೆ. ಕಾಲೇಜುಗಳಿಗೆ ಅರ್ಜಿ ಹಾಕುವುದು ಒಂದು ಕಾಂಡ. ಆ ಕಾಲೇಜಿನ ವೆಚ್ಚಕ್ಕಾಗಿ ಸಹಾಯಧನವನ್ನು ಕೋರಿ ಅರ್ಜಿ ಹಾಕುವುದು ಅದಕ್ಕಿಂತ ದೀರ್ಘವಾದ ಉತ್ತರಕಾಂಡ. ನನ್ನ ಮೊಮ್ಮಗಳು ಮನಸ್ಸಿಟ್ಟಿದ್ದ ಖಾಸಗಿ ಕಾಲೇಜೊಂದರಲ್ಲಿ ಬೋಧನ ಶುಲ್ಕ, ವಸತಿ, ಊಟ ಎಲ್ಲವೂ ಸೇರಿ ವರ್ಷಕ್ಕೆ 85,000 ಡಾಲರುಗಳನ್ನು ಮೀರುತ್ತಿತ್ತು. ಒಂದು ಕಟ್ಟು ಕೊತ್ತಂಬರಿಯನ್ನೂ ರೂಪಾಯಿಗೆ ಗುಣಿಸಿ ನೋಡದೆ ಚೀಲಕ್ಕೆ ಹಾಕದವನಾದ ನಾನು ಇದನ್ನೂ ಗುಣಿಸುತ್ತ ಹೋಗಿ, ಎಪ್ಪತ್ತು ಲಕ್ಷವನ್ನು ದಾಟಿದ ಮೇಲೆ ಗುಣಾಕಾರವನ್ನು ನಿಲ್ಲಿಸಿದೆನು. ಇದು ನಾಲ್ಕು ವರ್ಷಗಳ ವಿದ್ಯಾಭ್ಯಾಸವೆಂಬ ಮಾತನ್ನು ಸೊಸೆಯು ಇನ್ನೂ ಆಡಿರಲಿಲ್ಲ.

ಎರಡು ಅರ್ಜಿಗಳಲ್ಲಿ ಮೊದಲನೆಯದು ಸರ್ಕಾರದ್ದು, ಫ್ಯಾಫ್ಸಾ ಎಂಬ ನಾಮಧೇಯದ್ದು. ಇದರ ಮೂಲವಾದ ಉನ್ನತ ಶಿಕ್ಷಣದ ಕಾಯಿದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ನವೆಂಬರಿನಲ್ಲಿ ಸಹಿ ಹಾಕಿದುದು ರಾಜಧಾನಿಯಲ್ಲಲ್ಲ, ಟೆಕ್ಸಸ್ಸಿನ ಸ್ಯಾನ್ ಮಾರ್ಕಸ್ ಎಂಬ ಸಣ್ಣ ಊರಿನಲ್ಲಿ, ತಾನೇ ವಿದ್ಯಾರ್ಥಿಯಾಗಿ ಕಸ ಗುಡಿಸಿ ಓದಿದ ಕಾಲೇಜಿನ ಆವರಣದಲ್ಲಿ. ಬಡವರ ಮಕ್ಕಳಿಗೆ ಪೆಲ್ ಗ್ರಾಂಟ್ ಎಂಬ ಹೆಸರಿನಲ್ಲಿ ವರ್ಷಕ್ಕೆ 7,395 ಡಾಲರುಗಳವರೆಗೆ, ತಿರುಗಿ ಕೊಡಬೇಕಿಲ್ಲದ ಹಣ ದೊರೆಯುವುದೂ ಈ ಅರ್ಜಿಯ ಮೂಲಕವೇ. ಹಿಂದೆ ನೂರಕ್ಕೂ ಮಿಕ್ಕಿ ಪ್ರಶ್ನೆಗಳಿದ್ದ ಈ ಪತ್ರವನ್ನು ಸರಳಗೊಳಿಸಬೇಕೆಂದು 2020ರಲ್ಲಿ ಒಂದು ಕಾನೂನಾಯಿತು. ಸರಳಗೊಂಡ ಪತ್ರವು 2023ರ ಅಕ್ಟೋಬರಿನಲ್ಲಿ ಬರಬೇಕಾದದ್ದು ಡಿಸೆಂಬರಿನ ಕಟ್ಟಕಡೆಯ ದಿನಗಳಲ್ಲಿ ಬಂದು, ಆ ವರ್ಷದ ಸೀನಿಯರುಗಳ ವಸಂತಕಾಲವನ್ನೆಲ್ಲ ನುಂಗಿಹಾಕಿತು. ಸರಳಗೊಳಿಸುವ ಕೆಲಸವು ಎಲ್ಲ ದೇಶಗಳ ಕಚೇರಿಗಳಲ್ಲಿಯೂ ಹೀಗೆಯೇ ನಡೆಯುತ್ತದೆಂಬುದನ್ನು ಕಂಡು, ಅಲ್ಪಸ್ವಲ್ಪ ಕಾಲ ಸರ್ಕಾರಿ ಅನ್ನವನ್ನುಂಡವನಾದ ನನಗೆ ಒಂದು ಬಗೆಯ ಬಂಧುಭಾವವೇ ಉಂಟಾಯಿತು.

ಅರ್ಜಿಯ ಮೊದಲ ಸಾಲಿನಲ್ಲಿಯೇ, ಎಂದರೆ ಹೆಸರಿನಲ್ಲಿಯೇ, ನಮ್ಮ ಸಂಸಾರವು ಎಡವಿತು. ನಮ್ಮಲ್ಲಿ ಮನೆತನದ ಹೆಸರೆಂಬುದು ಇರಲಿಲ್ಲ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಬಳಿಕ ಹೆಸರು, ಇಷ್ಟೇ. ಮಗನು ಪಾಸ್‌ಪೋರ್ಟ್ ಮಾಡಿಸುವಾಗ ಗುಮಾಸ್ತನು ಕಡೆಯ ಹೆಸರೇನೆಂದು ಕೇಳಲು, ಬೇರೆ ದಾರಿ ಕಾಣದೆ ಅವನು ನನ್ನ ಹೆಸರನ್ನು ಕೊಟ್ಟನು. ಅದು ಅವನೊಡನೆ ಸಮುದ್ರವನ್ನು ದಾಟಿ, ಈಗ ಮೊಮ್ಮಗಳ ಹೆಸರಿನ ಬಾಲದಲ್ಲಿ ಕುಳಿತು, ತಿಪಟೂರು ತಾಲ್ಲೂಕು ಕಚೇರಿಯ ಹೊರಗೆ ಯಾರಿಗೂ ತಿಳಿಯದಿದ್ದ ನನ್ನನ್ನು ವಾಷಿಂಗ್ಟನ್ನಿನ ದಫ್ತರಗಳಲ್ಲಿ ಪ್ರಸಿದ್ಧನನ್ನಾಗಿ ಮಾಡಿದೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ವ್ರತವನ್ನು ಮದುವೆಯಾದಂದಿನಿಂದ ಕೆಡಿಸದೆ ನಡೆಸಿಕೊಂಡು ಬಂದ ನನ್ನ ಹೆಂಡತಿಗೆ ಇದರಿಂದಾದ ಸಂಕಟವು ಅಷ್ಟಿಷ್ಟಲ್ಲ. ಸ್ವಂತ ಮೊಮ್ಮಗಳ ಪೂರ್ಣನಾಮವನ್ನು ಅವಳು ಇಂದಿಗೂ ಉಚ್ಚರಿಸಿಲ್ಲ. ಸೊಸೆಯಾದರೋ ತನ್ನ ತಂದೆಯ ಹೆಸರನ್ನೇ ಉಳಿಸಿಕೊಂಡವಳು. ತಾಯಿಗೊಂದು, ಮಗಳಿಗೊಂದು ಕಡೆಯ ಹೆಸರಿರಲು, ಇವರು ಒಂದೇ ಸೂರಿನ ಕೆಳಗೆ ಅನ್ಯೋನ್ಯವಾಗಿರುವ ಸಂಸಾರವೆಂಬುದನ್ನು ನೋಡಿದವರೆಲ್ಲರಿಗೂ ಒತ್ತಿ ಹೇಳಬೇಕಾಗಿತ್ತು.

ಆದರೂ ಫ್ಯಾಫ್ಸಾವು ಸಂಭಾವಿತ ಅರ್ಜಿಯೆಂದೇ ಹೇಳಬೇಕು. ತಂದೆಯೂ ಮಗಳೂ ತಂತಮ್ಮ ಭಾಗವನ್ನು ಬೇರೆ ಬೇರೆಯಾಗಿ ತುಂಬುತ್ತಾರೆ. ತಂದೆಯು ಒಪ್ಪಿಗೆಯಿತ್ತನೆಂದರೆ ಹಿಂದಿನ ಹಿಂದಿನ ವರ್ಷದ ವರಮಾನದ ಲೆಕ್ಕವು ತೆರಿಗೆಯ ಇಲಾಖೆಯಿಂದ ನೇರವಾಗಿ ಬಂದು, ಯಾರ ಕಣ್ಣಿಗೂ ಬೀಳದೆ, ಅರ್ಜಿಯ ಉದರವನ್ನು ಸೇರುತ್ತದೆ. ನಾನು ಮಹಾರಾಜಾ ಕಾಲೇಜಿನಲ್ಲಿ ಫ್ರೀಶಿಪ್ಪಿಗೆ ಅರ್ಜಿ ಹಾಕಿದಾಗ, ನಮ್ಮ ತಂದೆಯ ವರಮಾನವನ್ನು ಬರೆಯಲು ಕುಳಿತ ಶ್ಯಾನುಭೋಗರು ಲೇಖನಿಯನ್ನು ಮಸಿಯಲ್ಲಿ ಅದ್ದಿಕೊಂಡು, "ಎಷ್ಟು ಬರೆಯಲಿ?" ಎಂದು ಕೇಳಿದ್ದರು. ಆ ಪ್ರಶ್ನೆಯಲ್ಲಿದ್ದ ದಾಕ್ಷಿಣ್ಯವು ಈ ಯಂತ್ರಕ್ಕೆ ಎಲ್ಲಿಂದ ಬರಬೇಕು? ಆದರೆ ಮಗಳಿಗೆ ತನ್ನ ಸಂಬಳ ತಿಳಿಯಲಿಲ್ಲವಷ್ಟೆ ಎಂದು ಮಗನು ಸಮಾಧಾನಗೊಂಡು, ಎರಡು ಲೋಟ ಕಾಫಿ ಕುಡಿದನು.

ಆ ಸಮಾಧಾನವನ್ನು ಎರಡನೆಯ ಅರ್ಜಿಯು ಮುಗಿಸಿತು. ಸಿ.ಎಸ್.ಎಸ್. ಪ್ರೊಫೈಲ್ ಎಂಬ ಇದನ್ನು ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು ನಡೆಸುತ್ತದೆ. ಹೆಚ್ಚು ಖರ್ಚಿನ ಖಾಸಗಿ ಕಾಲೇಜುಗಳು ತಮ್ಮ ಸ್ವಂತ ಹಣವನ್ನು ಹಂಚುವ ಮುನ್ನ ಇದನ್ನು ಬೇಡುತ್ತವೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೆ 16 ಡಾಲರ್ ಶುಲ್ಕ. ಕೈಯಲ್ಲಿ ಹಣವಿಲ್ಲವೆಂದು ನಿವೇದಿಸಿಕೊಳ್ಳುವುದಕ್ಕೂ ಹಣ ತೆರಬೇಕೆಂಬ ಈ ಏರ್ಪಾಟು, ವರಮಾನವು ಒಂದು ಮಿತಿಯೊಳಗಿರುವವರಿಗೆ ಮಾಫಿಯುಂಟೆಂದು ಮೊಮ್ಮಗಳು ವಿವರಿಸಿದ ಮೇಲೆಯೂ, ನನ್ನ ಗಂಟಲಿನಿಂದ ಕೆಳಗಿಳಿಯಲಿಲ್ಲ. ಇದರಲ್ಲಿ ಖಾತೆಯು ವಿದ್ಯಾರ್ಥಿನಿಯದು, ಬೆರಳುಗಳೂ ಅವಳವು. ಅವಳು ಕೇಳುವುದು, ತಂದೆಯು ಹೇಳುವುದು. ಮನೆಯನ್ನು ಯಾವ ವರ್ಷ ಕೊಂಡಿರಿ, ಎಷ್ಟಕ್ಕೆ ಕೊಂಡಿರಿ, ಈಗ ಎಷ್ಟು ಬಾಳುತ್ತದೆ, ಸಾಲವೆಷ್ಟು ಉಳಿದಿದೆ, ಮುಪ್ಪಿಗೆಂದು ಕೂಡಿಟ್ಟದ್ದೆಷ್ಟು? ಮಗನು ಒಂದೊಂದು ಸಂಖ್ಯೆಯನ್ನೂ ಅಡಿಗೆಮನೆಯ ಕಡೆ ನೋಡಿ, ಬಾಗಿಲ ಕಡೆ ನೋಡಿ, ಕೊನೆಗೆ ಕಿವಿಯಲ್ಲಿ ಮಂತ್ರೋಪದೇಶ ಮಾಡುವವನ ಸ್ವರದಲ್ಲಿ ಉಸುರಿದನು. ಸಂಬಳದ ಸಾಲು ಬಂದಾಗ ಹುಡುಗಿಯ ಬೆರಳುಗಳು ನಿಂತುಹೋದವು.

"ಅಪ್ಪಾ, ಇಷ್ಟು ಬರುತ್ತಾ ನಿಮಗೆ? ಮತ್ತೆ ಚಳಿಗಾಲದಲ್ಲಿ ಹೀಟರ್ ಯಾಕೆ ಹಾಕೋದಿಲ್ಲ?"

ಇದಕ್ಕೆ ದೇವರು ನಡೆಸಿಕೊಂಡು ಹೋಗುತ್ತಿದ್ದಾನೆಂಬ ಉತ್ತರವು ಒದಗದಾಯಿತು. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಕೈಚಾಚಿ ಬೇಡಿದ ವಂಶದವರಲ್ಲ, ಇದೆಲ್ಲ ಬೇಡವೇ ಬೇಡ, ಸಾಲ ಮಾಡಿ ಓದಿಸುತ್ತೇನೆ" ಎಂದು ಎದ್ದುನಿಂತನು. ಆಗ ನಾನು, ವಂಶದ ವಿಷಯದಲ್ಲಿ ನನಗೆ ಅವನಿಗಿಂತ ಹೆಚ್ಚು ತಿಳಿದಿರುವುದರಿಂದ, ಅವನ ತಾತನು ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವನೆಂಬುದನ್ನು, ಸೋಮವಾರ ವಕೀಲರ ಮನೆ, ಮಂಗಳವಾರ ಜೋಯಿಸರ ಮನೆ, ಶನಿವಾರ ಯಾರ ಮನೆಯೂ ದೊರೆಯದೆ ಕಡಲೆಪುರಿ ಎಂಬುದನ್ನು ತಿಳಿಸಿದೆನು. ಮಗನು ಪುನಃ ಕುಳಿತನು. ಮೊಮ್ಮಗಳು ಮಾತ್ರ, ವಾರಾನ್ನಕ್ಕೆ ಅರ್ಜಿಯ ಕಡೆಯ ದಿನಾಂಕ ಎಂದಿರುತ್ತಿತ್ತೆಂದು ಕೇಳಿದಳು.

ಇಷ್ಟಾದ ಮೇಲೆ ಬಂದ ಪ್ರಶ್ನೆಯೇ ನಮ್ಮ ಕುಲಕ್ಕೆ ಕಂಟಕವಾದದ್ದು. ವಾಸದ ಮನೆಯ ಹೊರತು ಬೇರೆಲ್ಲಿಯಾದರೂ ಸ್ಥಿರಾಸ್ತಿಯುಂಟೇ? ಉಂಟೆಂದರೆ ಉಂಟು, ಇಲ್ಲವೆಂದರೆ ಇಲ್ಲ. ತಿಪಟೂರಿನ ಬಳಿ ನಮಗೆ ನಾಲ್ಕು ಎಕರೆ ತೆಂಗಿನ ತೋಟವಿದೆ. ಅದರ ಖಾತೆಯು ಎಂದೋ ದಿವಂಗತರಾದ ನಮ್ಮ ತಂದೆಯ ಹೆಸರಿನಲ್ಲಿಯೇ ಇದೆ. ನಾನು, ನನ್ನ ತಮ್ಮ, ನಮ್ಮ ತಂಗಿ ಮೂವರೂ ಅದನ್ನು ಭಾಗ ಮಾಡಿಕೊಳ್ಳದೆ, ಆ ವಿಷಯವನ್ನು ಎತ್ತದೆ, ಎತ್ತದಿರುವುದನ್ನೇ ಒಗ್ಗಟ್ಟೆಂದು ತಿಳಿದು ಮುದುಕರಾಗಿದ್ದೇವೆ. ಇದು ನನ್ನ ಆಸ್ತಿಯೆಂದು ನಾನೆಂದೆನು. ಸೊಸೆಯು, "ಇಲ್ಲ ಮಾವ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಲ್ಲವೇ?" ಎಂದಳು. ಅವಳ ತಂದೆಯು ಹಾಸನದಲ್ಲಿ ವಕೀಲರು.

ಅವಳ ಮಾತು ದಿಟ. ಹನ್ನೊಂದನೆಯ ಶತಮಾನದ ಕೊನೆಯ ಸುಮಾರಿನಲ್ಲಿ, ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣಪಟ್ಟಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದು, ಪಿತೃಗಳ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಸ್ವಾಮ್ಯವುಂಟೆಂದು ನಿರ್ಣಯಿಸಿಬಿಟ್ಟನು. 2005ರ ತಿದ್ದುಪಡಿಯು ಅದೇ ಹಕ್ಕನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು. ಅಲ್ಲಿಗೆ, ನ್ಯೂಜೆರ್ಸಿಯಲ್ಲಿ ಜನಿಸಿ, ತೆಂಗಿನ ಮರವನ್ನು ರಜೆಯಲ್ಲಿ ಎರಡು ಮೂರು ಬಾರಿ ಮಾತ್ರ ಕಂಡು, ಅದರ ನೆರಳಿನಲ್ಲಿ ನಿಂತು ಚಿತ್ರ ತೆಗೆಸಿಕೊಂಡ ನನ್ನ ಮೊಮ್ಮಗಳೂ ಆ ತೋಟದ ಸಹಭಾಗಿಯೆಂದಾಯಿತು. ಇದರಲ್ಲೇನು ಕೆಡುಕೆಂದರೆ, ಸರ್ಕಾರದ ಸೂತ್ರದಲ್ಲಿ ತಂದೆತಾಯಿಗಳ ಆಸ್ತಿಯಿಂದ ಕಾಲೇಜಿನ ಖರ್ಚಿಗೆಂದು ಲೆಕ್ಕ ಹಿಡಿಯುವುದು ಹೆಚ್ಚೆಂದರೆ ಶೇಕಡಾ 5.64, ವಿದ್ಯಾರ್ಥಿಯ ಆಸ್ತಿಯಿಂದಾದರೋ ಶೇಕಡಾ 20. ಮೊಮ್ಮಗಳು ಕೂಡಲೇ ಲೆಕ್ಕ ಹಾಕಿದಳು: ಇನ್ನೂರು ಮರಗಳಲ್ಲಿ ತಾತನ ಕವಲಿಗೆ ಮೂರನೆಯ ಒಂದು ಪಾಲು, ಅದರಲ್ಲಿ ಅಪ್ಪನಿಗೆ ಅರ್ಧ, ಅಪ್ಪನದರಲ್ಲಿ ತನಗೆ ಅರ್ಧ, ಒಟ್ಟು ಹದಿನಾರು ಮರ ಮತ್ತು ಇನ್ನೊಂದರ ಮುಕ್ಕಾಲಿಗೆ ಸ್ವಲ್ಪ ಕಡಮೆ. ಅವುಗಳಲ್ಲಿ ಮೂರು ಮರಗಳೂ ನಾಲ್ಕನೆಯದರ ಬುಡದ ಭಾಗವೂ ಪ್ರತಿವರ್ಷ ಅಮೆರಿಕದ ಉನ್ನತ ಶಿಕ್ಷಣಕ್ಕೆ ಸಲ್ಲತಕ್ಕವು. ವಿಜ್ಞಾನೇಶ್ವರನಿಗೆ ಇಂತಹ ಪ್ರಸಂಗವು ಸ್ವಪ್ನದಲ್ಲಿಯಾದರೂ ಹೊಳೆದಿದ್ದರೆ, ಆ ಶ್ಲೋಕಕ್ಕೆ ವ್ಯಾಖ್ಯಾನ ಬರೆಯದೆ ಮುಂದಿನದಕ್ಕೆ ಹೋಗುತ್ತಿದ್ದನೋ ಏನೋ!

ಬೆಲೆಯನ್ನು ತಿಳಿಯಬೇಕಾಗಿ ತಮ್ಮನಿಗೆ ಫೋನು ಮಾಡಿದೆನು. ತೋಟ ಈಗ ಎಷ್ಟು ಬಾಳಬಹುದೆಂದು ಕೇಳಿದ್ದೇ ತಡ, ಆ ಕಡೆ ನಿಶ್ಶಬ್ದವಾಯಿತು. ಅರ್ಜಿ, ಕಾಲೇಜು, ಸಹಾಯಧನ ಎಂದು ನಾನು ಎಷ್ಟು ಬಗೆಯಾಗಿ ವಿವರಿಸಿದರೂ, ಎಂಟು ಸಾವಿರ ಮೈಲಿಗಳ ಆಚೆ ಅವನ ಕಿವಿಗೆ ಬಿದ್ದದ್ದು ಒಂದೇ ಮಾತು: ಅಣ್ಣ ಭಾಗ ಕೇಳುತ್ತಿದ್ದಾನೆ. "ಏನು ಬಾಳುತ್ತದೆ ಅಣ್ಣಯ್ಯ, ನುಸಿರೋಗ ಬಂದು ಕಾಯೆಲ್ಲ ಉದುರಿಹೋಯಿತು. ಬೋರ್‌ವೆಲ್ಲಿನಲ್ಲಿ ನೀರಿಲ್ಲ. ಸುಮ್ಮನೆ ಕೊಟ್ಟರೂ ಕೊಳ್ಳುವವರಿಲ್ಲ" ಎಂದನು. ಹೋದ ವರ್ಷವಷ್ಟೇ ಇದೇ ತಮ್ಮನು ಹೆದ್ದಾರಿ ಹತ್ತಿರ ಬಂತೆಂದೂ, ಎಕರೆಗೆ ಇಂತಿಷ್ಟು ಕೋಟಿಯೆಂದೂ ನೆಂಟರ ಮದುವೆಯೊಂದರಲ್ಲಿ ಎಲೆಯ ಮುಂದೆ ಕುಳಿತು ಘೋಷಿಸಿದ್ದನು. ಮರುದಿನ ಪಹಣಿಯ ಚಿತ್ರವೂ, ಒಣಗಿದ ಮರವೊಂದರ ಚಿತ್ರವೂ, ತೋಟದ ಬೆಲೆ ಅತ್ಯಲ್ಪವೆಂದು ಅವನ ಸಹಿಯಿದ್ದ ಒಂದು ಕಾಗದವೂ ವಾಟ್ಸಾಪಿನಲ್ಲಿ ಬಂದವು. ಅರ್ಜಿಗೆ ಇದಕ್ಕಿಂತ ಅನುಕೂಲವಾದ ದಾಖಲೆ ಮತ್ತೊಂದಿರಲಾರದು. ಆದರೆ ಮೊಮ್ಮಗಳು ಅದನ್ನು ಒಪ್ಪದೆ, ಸರ್ಕಾರದ ಮಾರ್ಗಸೂಚಿ ದರವನ್ನು ತಾನೇ ಹುಡುಕಿ ತೆಗೆದು, ಕೋಷ್ಟಕವೊಂದನ್ನು ರಚಿಸಿ, ಯಾರ್ಯಾರ ಪಾಲೆಷ್ಟೆಂಬುದನ್ನು ಡಾಲರಿನಲ್ಲಿಯೂ ರೂಪಾಯಿಯಲ್ಲಿಯೂ ಬರೆದಿಟ್ಟಳು. ಮೂರು ತಲೆಮಾರು ಬಾಯಿಬಿಡದೆ ಕಾಪಾಡಿಕೊಂಡು ಬಂದದ್ದನ್ನು ಹದಿನೇಳು ವರ್ಷದ ಹುಡುಗಿಯು ಒಂದು ಮಧ್ಯಾಹ್ನದಲ್ಲಿ ವಿಭಾಗಿಸಿಬಿಟ್ಟಳು.

ಫಲಿತಾಂಶದ ಬಗ್ಗೆ ಹೆಚ್ಚು ಹೇಳತಕ್ಕದ್ದಿಲ್ಲ. ಸರ್ಕಾರವು ಪ್ರತಿಯೊಂದು ಕುಟುಂಬಕ್ಕೂ ಒಂದು ಸೂಚ್ಯಂಕವನ್ನು ಕೊಡುತ್ತದೆ. ಅದು ಸೊನ್ನೆಗಿಂತಲೂ ಕೆಳಗಿಳಿದು, ಋಣ ಸಾವಿರದೈನೂರರ ತನಕ ಹೋಗಬಹುದಂತೆ. ಅಲ್ಲಮಪ್ರಭುವು ಏರಿದ ಶೂನ್ಯಸಿಂಹಾಸನಕ್ಕಿಂತಲೂ ಸಾವಿರದೈನೂರು ಮೆಟ್ಟಿಲು ಕೆಳಗೊಂದು ಪೀಠವುಂಟೆಂದು ನಾನು ವಿಸ್ಮಿತನಾದೆನು. ನಮಗೆ ಆ ಪೀಠದ ಭಾಗ್ಯವಿರಲಿಲ್ಲ. ಬಂದದ್ದು ಐದಂಕಿಯ ಸಂಖ್ಯೆ. ಪೆಲ್ ಗ್ರಾಂಟ್ ದೂರವುಳಿಯಿತು, ಮೊದಲ ವರ್ಷಕ್ಕೆ 5,500 ಡಾಲರುಗಳ ಸರ್ಕಾರಿ ಸಾಲ ದೊರೆಯಿತು, ಖಾಸಗಿ ಕಾಲೇಜು ಕೊಡುತ್ತೇನೆಂದ ಸಹಾಯವು ಸಾಲದಾಯಿತು. ಹುಡುಗಿಯು ರಾರಿಟನ್ ಹೊಳೆಯಾಚೆಗಿನ ರಟ್‌ಗರ್ಸ್ ವಿಶ್ವವಿದ್ಯಾನಿಲಯವನ್ನು ಆರಿಸಿಕೊಂಡು, ಅಲ್ಲಿಯ ಭೋಜನಶಾಲೆಯಲ್ಲಿ ಕೆಲಸ ಮಾಡಿ ಕೈಖರ್ಚನ್ನು ಸಂಪಾದಿಸುವೆನೆಂದಳು. ಎಂಜಲು ತಟ್ಟೆ ಎತ್ತುವುದೆಂದರೇನೆಂದು ಅಜ್ಜಿಯು ಕಣ್ಣೀರಿಡಲು, ಆ ದೇಶದ ಅಧ್ಯಕ್ಷನೇ ಕಸ ಗುಡಿಸಿದ್ದನೆಂದು ನಾನು ನೆನಪಿಸಿದೆನು. "ಅವನು ಆಮೇಲೆ ಅಧ್ಯಕ್ಷನಾದ. ಇವಳು ಓದುವುದು ಅಕೌಂಟೆನ್ಸಿ" ಎಂದಳು ಅವಳು.

ನಾವು ಊರಿಗೆ ಮರಳುವ ಮುನ್ನ ತಂಗಿಯ ಫೋನು ಬಂತು. ತೋಟದ ಬೆಲೆಯ ಸುದ್ದಿ ತಮ್ಮನ ಮನೆಯಿಂದ ಹೊರಟು, ಎರಡು ಶ್ರಾದ್ಧ, ಒಂದು ನಾಮಕರಣಗಳನ್ನು ದಾಟಿ ಅವಳನ್ನು ಮುಟ್ಟಿತ್ತು. ತಂದೆಯು ತೀರಿಕೊಂಡದ್ದು ಎಂದಾದರೂ ಹೆಣ್ಣುಮಕ್ಕಳಿಗೆ ಸಮಪಾಲುಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿರುವುದನ್ನೂ ಅವಳಿಗೆ ಯಾರೋ ಪುಣ್ಯಾತ್ಮರು ತಿಳಿಸಿದ್ದರು. ನನ್ನೊಡನೆ ಅವಳು ಆಡಿದ್ದು ಕುಶಲಪ್ರಶ್ನೆಯೊಂದೇ. ಫೋನನ್ನು ಮೊಮ್ಮಗಳಿಗೆ ಕೊಡಿಸಿ, "ಮಗೂ, ನೀನೇನೋ ಲೆಕ್ಕದ ಪಟ್ಟಿ ಮಾಡಿದ್ದೀಯಂತಲ್ಲ, ಅದರಲ್ಲಿ ಈ ಅಜ್ಜಿಯದೊಂದು ಸಾಲು ಇದೆಯೇ ನೋಡಮ್ಮ" ಎಂದಳಂತೆ.

"ಇದೆ ಅಜ್ಜಿ" ಎಂದಳು ಮೊಮ್ಮಗಳು. "ಹಿಂದಿನ ಹಿಂದಿನ ವರ್ಷದ ನಿಮ್ಮ ತೆರಿಗೆ ಕಾಗದ ಕಳಿಸಿಕೊಡಿ."