ನಾಲವಾರೀಯ ಸ್ವಿಚ್ ಮೀಮಾಂಸೆ

ಮಿತಾಕ್ಷರಾ ಬರೆದ ವಿಜ್ಞಾನೇಶ್ವರ ಮರ್ತೂರಿನವನೆಂಬುದು ನಮ್ಮ ಭಾಗದ ಅಭಿಮಾನ. ಅಪ್ಪನ ಆಸ್ತಿ ಯಾರಿಗೆ ಸೇರಬೇಕೆಂಬುದನ್ನು ಆತ ಆರನೆಯ ವಿಕ್ರಮಾದಿತ್ಯನ ಕಾಲಕ್ಕೇ ಇತ್ಯರ್ಥ ಮಾಡಿಟ್ಟ. ಕೇಳಿದವನಿಗೆ ವೆಬ್‌ಸೈಟಿನ ಯಾವ ಪುಟ ಸಲ್ಲಬೇಕೆಂಬುದನ್ನು ಮಾತ್ರ ಮುಂದಿನವರಿಗೆ ಬಿಟ್ಟುಹೋದ. ಆ ಕೊರತೆ ನೀಗಲೆಂದು ನಾಲವಾರದಿಂದ ಈ ಭಾಷ್ಯ ಹೊರಡುತ್ತಿದೆ. ರಾಸ್ಮಸ್ ಲೆರ್ಡಾರ್ಫ್ ಪುಟ ಬಡಿಸುವ ಪಿಎಚ್‌ಪಿ ಭಾಷೆಯನ್ನು ಲೋಕಕ್ಕೆ ಕೊಟ್ಟದ್ದು 1995ರಲ್ಲಿ. ವಾಡಿಯಲ್ಲಿ ಸಿಕಂದರಾಬಾದಿನ ರೈಲುದಾರಿ ಕವಲೊಡೆದದ್ದು 1874ರಲ್ಲಿ. ಆದ್ದರಿಂದ ಪಿಎಚ್‌ಪಿಯಲ್ಲಿ ದಾರಿ ಕವಲೊಡೆಸುವ ಸ್ವಿಚ್ಚಿನ ಮೂಲ ವಾಡಿಯೇ ಎಂಬುದು ನಿರ್ವಿವಾದ. ವಿವಾದ ಮಾಡಬೇಕೆನ್ನುವವರು ಮೇ ತಿಂಗಳ ನಡುಮಧ್ಯಾಹ್ನ ವಾಡಿ ಪ್ಲಾಟ್‌ಫಾರಂ ಮೇಲೆ ನಿಂತು ಮಾಡತಕ್ಕದ್ದು.

ಸೂತ್ರ 1: ಎಲ್ಲ ಗಾಡಿಯೂ ಮೊದಲು ವಾಡಿಗೇ.

ವೃತ್ತಿ: ಯಾವ ಪುಟ ಬೇಕಾದರೂ ಕೋರಿಕೆ ಬಂದು ಇಳಿಯುವುದು ಇಂಡೆಕ್ಸ್ ಡಾಟ್ ಪಿಎಚ್‌ಪಿ ಎಂಬ ಒಂದೇ ಕಡತಕ್ಕೆ. ವಿಳಾಸದ ಬಾಲದಲ್ಲಿ, ಪ್ರಶ್ನೆ ಚಿಹ್ನೆಯ ಆಚೆ, 'ಪೇಜ್ = ಸೇಡಂ' ಎಂದಿರುತ್ತದೆ. ಆ ಹೆಸರನ್ನು ಹಿಡಿದು ಸ್ವಿಚ್ ತನ್ನ ಕೇಸುಗಳೆಂಬ ಕವಲುಗಳ ಜೊತೆ ಒಂದೊಂದಾಗಿ ತಾಳೆ ನೋಡುತ್ತದೆ. ಸೇಡಂ ಎಂದರೆ ಚಿತ್ತಾಪುರ, ಮಳಖೇಡದ ಕಡೆ. ನಾಲವಾರ ಎಂದರೆ ಯಾದಗಿರಿ, ರಾಯಚೂರಿನ ಕಡೆ. ತಾಳೆಯಾದ ಕೇಸಿನಲ್ಲಿ ಇನ್‌ಕ್ಲೂಡ್ ಎಂಬ ಆಜ್ಞೆ ಆ ಊರಿನ ಕಡತವನ್ನು ತಂದು ಅಲ್ಲೇ ಕೂಡಿಸುತ್ತದೆ. ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಎಲ್ಲ ಊರಿಗೂ ಒಂದೇ. ನಡುವಿನದು ಮಾತ್ರ ಬದಲು.

ಸೂತ್ರ 2: ಬ್ರೇಕ್ ಇಲ್ಲದವನಿಗೆ ನಿಲ್ದಾಣವಿಲ್ಲ.

ವೃತ್ತಿ: ನಾಲವಾರದಿಂದ ಮುಂದಿನ ಯಾವ ಕೇಸಿನ ಕೊನೆಗೂ 'ನಿಲ್ಲು' ಎನ್ನುವ ಬ್ರೇಕ್ ಬರೆಯದೆ ಬಿಟ್ಟರೆ, ನಾಲವಾರದ ಪುಟ, ಅದರ ಕೆಳಗೆ ಯಾದಗಿರಿ, ಅದರ ಕೆಳಗೆ ರಾಯಚೂರು, ಕಟ್ಟಕಡೆಗೆ 'ನೀವು ಕೇಳಿದ ಪುಟ ಸಿಗಲಿಲ್ಲ' ಎಂಬ ಪುಟ, ಎಲ್ಲವೂ ಒಂದೇ ಪರದೆಯ ಮೇಲೆ ಸಾಲುಗಟ್ಟುತ್ತವೆ. ಎಷ್ಟೋ ಎಕ್ಸ್‌ಪ್ರೆಸ್ ಗಾಡಿಗಳು ನಮ್ಮೂರನ್ನು ಹಾಯ್ದು ಹೋಗುವುದಕ್ಕೆ ಇದೇ ಕಾರಣವೆಂದು ಪಂಡಿತರ ಮತ. ಸ್ವಿಚ್ ಉದಾರಿಯೂ ಹೌದು: ಕೇಸಿನಲ್ಲಿ '10' ಎಂದಿದ್ದರೆ '010' ಎಂದು ಬಂದವನನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. 2020ರ ಪಿಎಚ್‌ಪಿ 8ರಲ್ಲಿ ಬಂದ ಮ್ಯಾಚ್ ಎಂಬುದು ಹಾಗೆ ಬಿಡದು, ಅದಕ್ಕೆ ಬ್ರೇಕೂ ಬೇಡ. ತಪ್ಪಿಗೆ ಅವಕಾಶವಿಲ್ಲದಲ್ಲಿ ಭಾಷ್ಯಕ್ಕೂ ಅವಕಾಶವಿಲ್ಲವೆಂದು ಪಂಡಿತರು ಅದನ್ನು ಒಪ್ಪಿಲ್ಲ.

ಸೂತ್ರ 3: ಇನ್‌ಕ್ಲೂಡ್ ಸೈರಿಸೀತು, ರಿಕ್ವೈರ್ ಸೈರಿಸದು.

ವೃತ್ತಿ: ಕಡತ ಸಿಗದಿದ್ದರೆ ಇನ್‌ಕ್ಲೂಡ್ ಒಂದು ಎಚ್ಚರಿಕೆ ಗೊಣಗಿ ಮುಂದೆ ಸಾಗುತ್ತದೆ, ರಿಕ್ವೈರ್ ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ. ಡೇಟಾಬೇಸಿನ ಕಡತಕ್ಕೆ ರಿಕ್ವೈರ್, ಜಾಹೀರಾತಿನ ತುಣುಕಿಗೆ ಇನ್‌ಕ್ಲೂಡ್. ಇದು ಶಿಷ್ಟಾಚಾರ.

ಪೂರ್ವಪಕ್ಷ: "ಯಾಕ್ರಿ ಪಂಡಿತ್ರ, ಇಷ್ಟೊಂದು ಕೇಸ್ ಯಾಕ ಬರೀಬೇಕು? ಅಂವ ಕೇಳಿದ ಹೆಸರನ್ನೇ ಇನ್‌ಕ್ಲೂಡಿಗೆ ಕೊಟ್ರ ಒಂದ ಸಾಲಿನಾಗ ಮುಗೀತದಲ್ಲ?" ಎಂದು ಶಹಾಬಾದಿನ ಶಿಷ್ಯ.

ಖಂಡನೆ: ಮುಗಿಯುವುದು ನಿಜ, ಮುಗಿಯುವುದು ಸೈಟು. ಬಂದವ ಸೇಡಂ ಎನ್ನುವ ಬದಲು ಎರಡು ಚುಕ್ಕೆ, ಒಂದು ಓರೆಗೆರೆ ಹಾಕುತ್ತ ಫೋಲ್ಡರಿನಿಂದ ಫೋಲ್ಡರಿಗೆ ಮೇಲೇರಿ, ಓದಬಾರದ ಕಡತಕ್ಕೇ ಕೈ ಹಾಕಬಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ಗ್ರಂಥ ನೋಡಿಕೊಳ್ಳಲು ಆರು ಜನ. ಬೀಗದ ಕೈಯನ್ನು ಬಂದವನ ಕೈಗಿಡಲು ಶಾಸನ ಒಬ್ಬನನ್ನೂ ನೇಮಿಸಿಲ್ಲ.

ಸೂತ್ರ 4: ಪಟ್ಟಿಯಲ್ಲಿಲ್ಲದ್ದು ಲೋಕದಲ್ಲಿಲ್ಲ.

ವೃತ್ತಿ: ಯಾವ ಕೇಸಿಗೂ ಹೊಂದದ ಹೆಸರು ಡಿಫಾಲ್ಟಿಗೆ ಬೀಳುತ್ತದೆ, ಡಿಫಾಲ್ಟ್ 404 ಎಂದು ಕೈಮುಗಿಯುತ್ತದೆ. "ಮತ್ತ ಚಿಂಚೋಳಿ ಅದ ಅಲ್ರಿ?" ಎಂದು ಶಿಷ್ಯ. ಇದೆ. ತಾಲ್ಲೂಕಿದೆ, ಕಚೇರಿಯಿದೆ, ಜನರಿದ್ದಾರೆ. ಫೋಲ್ಡರಿನಲ್ಲಿ ಚಿಂಚೋಳಿಯ ಕಡತವೂ ಅಚ್ಚುಕಟ್ಟಾಗಿ ಕೂತಿದೆ. ರೈಲು ನಿಲ್ದಾಣಗಳ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಪುಟ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಪುಟವಲ್ಲ, ಪಟ್ಟಿ ಬರೆದವನು. ಕಳ್ಳನನ್ನು ಹೊರಗಿಡುವ ಪಟ್ಟಿಯೇ ಬಡಪಾಯಿಯನ್ನೂ ಹೊರಗಿಡುತ್ತದೆ, ಮತ್ತು ಇಬ್ಬರಿಗೂ ಒಂದೇ ಉತ್ತರ ಕೊಡುತ್ತದೆ.

ಫಲಶ್ರುತಿ: ಈ ಭಾಷ್ಯ ಓದಿದವರ ಪುಟಗಳು ದಾರಿ ತಪ್ಪವು, ಕೇಳಿಸಿಕೊಂಡವರು ಬ್ರೇಕ್ ಮರೆಯರು. ಚಿಂಚೋಳಿಯವರಿಗೂ ಪುಣ್ಯ ಉಂಟು; ತಮ್ಮ ಕೇಸು ಬರೆಯುವವರೆಗೆ ಅವರು ಬಸ್ಸು ಹಿಡಿದು ತಾಂಡೂರಿಗೆ ಹೋಗಿ ಗಾಡಿ ಹತ್ತತಕ್ಕದ್ದು.