ಮಾದರಿ ಮಹಿಳಾ ಆಯೋಗ: ಬಳಕೆದಾರರ ಕೈಪಿಡಿ

ಅಭಿನಂದನೆ. ಫೀ ಕಟ್ಟಿದ್ದೀರಿ, ಮಾಡೆಲ್ ಯುಎನ್‌ನಲ್ಲಿ, ಅಂದರೆ ವಿದ್ಯಾರ್ಥಿಗಳ ಅಣಕು ವಿಶ್ವಸಂಸ್ಥೆಯಲ್ಲಿ, ನಿಮ್ಮ ಪಾಲಿಗೊಂದು ದೇಶ ಬಂದಿದೆ. ಸಮಿತಿ: ಮಹಿಳೆಯರ ಸ್ಥಾನಮಾನ ಆಯೋಗ. ಕೇಳಿದ್ದು ಸ್ವೀಡನ್, ಸಿಕ್ಕಿದ್ದು ಸೌದಿ ಅರೇಬಿಯಾ ಎಂದು ಮುಖ ಊದಿಸಿಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಅಸಲಿ ಆಯೋಗ ತನ್ನ ಅಧ್ಯಕ್ಷ ಸ್ಥಾನ ಕೊಟ್ಟಿದ್ದು ಸೌದಿಗೇ. ಎದುರಾಗಿ ನಿಂತವರು ಯಾರೂ ಇರಲಿಲ್ಲ. ಸ್ವೀಡನ್ ಸಿಕ್ಕ ಹುಡುಗ 'ನಮ್ಮದು ಸ್ತ್ರೀವಾದಿ ವಿದೇಶಾಂಗ ನೀತಿ' ಎಂದು ಎದೆಯುಬ್ಬಿಸಿ ಹೇಳುತ್ತಾನೆ. 2014ರಲ್ಲಿ ತಂದ ಆ ನೀತಿಯನ್ನು 2022ರಲ್ಲಿ ಹೊಸ ಸರ್ಕಾರ ಬಂದ ಕೂಡಲೇ ಕೈಬಿಟ್ಟ ಸಂಗತಿ ಅವನು ಓದಿದ ಪುಟದಲ್ಲಿ ಇರುವುದಿಲ್ಲ. ಪ್ರಶ್ನೆ ಕೇಳುವ ಸರದಿ ಬರುವವರೆಗೆ ಸುಮ್ಮನಿರಿ.

ಉಡುಪು: ಬ್ಲೇಜರ್, ಬೆಂಗಳೂರಿನ ಏಪ್ರಿಲ್ ಆದರೂ. ಹಿಂದಿನ ರಾತ್ರಿ ಅದಕ್ಕೆ ಇಸ್ತ್ರಿ ಹಾಕುವವರು ಅಮ್ಮ. ಈ ವಿವರವನ್ನು ವೇತನವಿಲ್ಲದ ಮನೆಗೆಲಸದ ಕುರಿತ ನಿಮ್ಮ ಭಾಷಣದಲ್ಲಿ ಸೇರಿಸುವುದು ವಾಡಿಕೆಯಲ್ಲ. ಮಾತಾಡುವಾಗ 'ನಾನು' ಅನ್ನಬಾರದು, 'ಸೌದಿ ಅರೇಬಿಯಾದ ಪ್ರತಿನಿಧಿ ಭಾವಿಸುತ್ತಾರೆ' ಅನ್ನಬೇಕು. ಮೊದಮೊದಲು ನಾಲಿಗೆ ತೊಡರುತ್ತದೆ. ಊಟದ ಹೊತ್ತಿಗೆ 'ಪ್ರತಿನಿಧಿಗೆ ಇನ್ನೊಂದು ಪನೀರ್ ಬೇಕು' ಎನ್ನುವ ಮಟ್ಟಕ್ಕೆ ಹಿಡಿತ ಬಂದಿರುತ್ತದೆ.

ಈಗ ಓದು. ಎಲ್ಲರೂ ಓದುವುದು 1979ರ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಒಪ್ಪಿದ, ಮಹಿಳೆಯರ ಮೇಲಿನ ಎಲ್ಲ ಬಗೆಯ ತಾರತಮ್ಯ ಅಳಿಸುವ ಒಡಂಬಡಿಕೆಯನ್ನು. ಕಾರಿಡಾರಿನಲ್ಲಿ ಅದರ ಹೆಸರು ಸೀಡಾ. ಮೂವತ್ತು ವಿಧಿಗಳಿವೆ, ಚೆನ್ನಾಗಿಯೇ ಇವೆ. ನೀವು ಅವುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಡಿ. ಯಾವ ದೇಶ ಸಹಿ ಹಾಕುವಾಗ ಏನೇನು ಷರತ್ತು ಹಾಕಿತು ಎನ್ನುವ ಇನ್ನೊಂದು ಪಟ್ಟಿ ಇದೆ, ಮಜಾ ಇರುವುದು ಅಲ್ಲಿ. ಅಮೆರಿಕ 1980ರಲ್ಲಿ, ಕಾರ್ಟರ್ ಕಾಲದಲ್ಲಿ, ಸಹಿ ಹಾಕಿತು. ಸೆನೆಟ್ ಈವರೆಗೆ ಅನುಮೋದಿಸಿಲ್ಲ. ನಿಮ್ಮ ಸೌದಿ 2000ದಲ್ಲಿ ಸೇರಿತು, ಇಸ್ಲಾಮಿಕ್ ಕಾನೂನಿಗೂ ಒಡಂಬಡಿಕೆಗೂ ತಾಳೆಯಾಗದ ಕಡೆ ತಾನು ಬದ್ಧವಲ್ಲ ಎಂಬ ಷರತ್ತಿನೊಂದಿಗೆ.

ನಗುವ ಮುಂಚೆ ಭಾರತದ ಪುಟ ತೆರೆಯಿರಿ. 1993ರಲ್ಲಿ ಅನುಮೋದಿಸಿದಾಗ ನಾವು ಹೇಳಿದ್ದು: ಮದುವೆಯ ಕಡ್ಡಾಯ ನೋಂದಣಿಯ ತತ್ವಕ್ಕೆ ಪೂರ್ಣ ಬೆಂಬಲವಿದೆ, ಆದರೆ ಇಷ್ಟು ದೊಡ್ಡ ದೇಶ, ಇಷ್ಟು ಬಗೆಯ ಪದ್ಧತಿ, ಧರ್ಮ, ಸಾಕ್ಷರತೆ ಇರುವಲ್ಲಿ ಅದು ಆಗುವ ಮಾತಲ್ಲ. ಕರ್ನಾಟಕದ ಮದುವೆ ನೋಂದಣಿ ಕಾಯ್ದೆಯ ಹೆಸರಿನಲ್ಲೇ 1976 ಎಂದಿದೆ. ದೆಹಲಿಗೆ ಆಗದ್ದನ್ನು ವಿಧಾನಸೌಧ ಅಷ್ಟು ಮೊದಲೇ ಕಾಗದದ ಮೇಲಾದರೂ ಮಾಡಿತ್ತು. ಕೊನೆಗೆ 2006ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಧರ್ಮದವರ ಮದುವೆಯೂ ನೋಂದಣಿಯಾಗಲಿ ಎಂದಿತು. ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ದಾಖಲೆ ಎಂದು ಅವರು ತೆಗೆದಿಡುವುದು ಬಹುಶಃ ಅರಿಶಿನ ಹಚ್ಚಿದ ಲಗ್ನಪತ್ರಿಕೆ. ಗಂಡ ಕೈಬಿಟ್ಟ ಹೆಂಗಸಿಗೆ ಜೀವನಾಂಶದ ಕೋರ್ಟಿನಲ್ಲಿ ಆ ಪತ್ರಿಕೆ ಎಷ್ಟು ತೂಗುತ್ತದೆ ಎಂಬುದನ್ನು ನಿಮ್ಮ ಮಿತ್ರದೇಶಗಳ ಗುಂಪಿನಲ್ಲಿ ಯಾರೂ ಕೇಳುವುದಿಲ್ಲ. ನೀವೇ ಕೇಳಿ.

ಪಟ್ಟಿಯಲ್ಲಿ ಒಂದೂ ಷರತ್ತಿಲ್ಲದೆ ಸೇರಿದ ದೇಶವೂ ಸಿಗುತ್ತದೆ: ಅಫ್ಘಾನಿಸ್ತಾನ, 2003. ಇವತ್ತು ಅಲ್ಲಿ ಆರನೇ ತರಗತಿ ದಾಟಿದ ಹುಡುಗಿಗೆ ಶಾಲೆಯಿಲ್ಲ. ಹಾಗಾದರೆ ಸಹಿಯಿಂದೇನು ಉಪಯೋಗ ಎಂದು ಯಾರಾದರೂ ಎದ್ದು ನಿಂತರೆ (ನಿಲ್ಲುತ್ತಾರೆ, ಜೋರು ಚಪ್ಪಾಳೆಯೂ ಬೀಳುತ್ತದೆ) 29ನೇ ವಿಧಿ ತೆಗೆಯಿರಿ. ಒಡಂಬಡಿಕೆಯ ಜಗಳವನ್ನು ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಒಯ್ಯಬಹುದು ಎನ್ನುವ ವಿಧಿ ಅದು. ಅಫ್ಘಾನಿಸ್ತಾನ ಅದಕ್ಕೂ ಷರತ್ತು ಹಾಕಿರಲಿಲ್ಲ. ಹಾಗಾಗಿ 2024ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ, ಕೆನಡಾ, ಜರ್ಮನಿ, ನೆದರ್‌ಲೆಂಡ್ಸ್ ಸೇರಿ ಅದೇ ದಾರಿ ಹಿಡಿಯುವುದಾಗಿ ಘೋಷಿಸಿದವು. ಭಾರತವೋ, ಆ ವಿಧಿಗೆ ತಾನು ಬದ್ಧವಲ್ಲ ಎಂದು ಮೊದಲೇ ಬರೆದುಕೊಟ್ಟಿದೆ. ಭಾರತದ ಪ್ಲಕಾರ್ಡ್ ಹಿಡಿದವರು ಈ ಜಾಗದಲ್ಲಿ ನೀರಿನ ಬಾಟಲಿ ತೆರೆಯುವುದು ಉತ್ತಮ.

ಅನ್‌ಮಾಡರೇಟೆಡ್ ಕಾಕಸ್: ಎಲ್ಲರೂ ಎದ್ದು ಗುಂಪಾಗುವ ಹೊತ್ತು. ಲ್ಯಾಪ್‌ಟಾಪ್ ಒಂದು, ಸುತ್ತ ಹನ್ನೆರಡು ದೇಶ. ಇಲ್ಲಿ ಕಣ್ಣು ತೆರೆದಿಡಿ. ನಡುವೆ ನಿಂತು ಕೈಬೀಸಿ 'ಸಬಲೀಕರಣ' ಎನ್ನುವವನು ಉದ್ದನೆಯ ಹುಡುಗ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಚಾರ್ಜರ್ ವೈರ್ ಗೋಡೆಯ ಪಾಯಿಂಟಿಗೆ ಎಟುಕುವಷ್ಟು ಸರಿದು, ಅವನು ಅಂದದ್ದನ್ನೆಲ್ಲ ವಾಕ್ಯವಾಗಿಸಿ ಟೈಪ್ ಮಾಡುವವಳು ಹುಡುಗಿ. ಬೆಸ್ಟ್ ಡೆಲಿಗೇಟ್ ಟ್ರೋಫಿ ನೆಲದ ಕಡೆ ಹೋಗುವುದು ಅಪರೂಪ. ದೊಡ್ಡವರು ಇದನ್ನೆಲ್ಲ ಮಕ್ಕಳಾಟ ಎಂದು ನಗುತ್ತಾರೆ. ನನಗೇನೋ ನಕಲು ತೀರಾ ಕರಾರುವಾಕ್ಕಾಗಿದೆ ಅನ್ನಿಸುತ್ತದೆ. ವಿಶ್ವಸಂಸ್ಥೆಗೆ ಎಂಬತ್ತು ವರ್ಷ ತುಂಬಿದರೂ ಒಬ್ಬ ಮಹಿಳೆಯೂ ಮಹಾಕಾರ್ಯದರ್ಶಿ ಆಗಿರಲಿಲ್ಲ.

ಠರಾವು ಬರೆಯುವ ಬಗೆಗೆ ಹೆಚ್ಚು ಹೇಳುವುದಿಲ್ಲ. 'ಒತ್ತಾಯಿಸುತ್ತದೆ', 'ಕರೆ ನೀಡುತ್ತದೆ', 'ತೀವ್ರ ಕಳವಳ ವ್ಯಕ್ತಪಡಿಸುತ್ತದೆ' ಸಾಕು. ದುಡ್ಡು ಯಾರು ಕೊಡುತ್ತಾರೆ ಎಂದು ಯಾರಾದರೂ ಕೇಳಿದರೆ 'ಇಚ್ಛೆಯುಳ್ಳ ಸದಸ್ಯ ರಾಷ್ಟ್ರಗಳು' ಎಂದು ಬರೆದು ಮುಂದಿನ ಅಂಶಕ್ಕೆ ಹೋಗಿ.

ಹಾಜರಿ, ಮತದಾನ: ಮೇಲಿನದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಹಾಜರಿ ಕರೆದಾಗ 'ಪ್ರೆಸೆಂಟ್' ಎಂದರೆ ಮತದಾನದಲ್ಲಿ ತಟಸ್ಥರಾಗಬಹುದು. 'ಪ್ರೆಸೆಂಟ್ ಅಂಡ್ ವೋಟಿಂಗ್' ಎಂದರೆ ಆ ಬಾಗಿಲು ಮುಚ್ಚಿತು. ಎರಡನೆಯದು ಕೇಳಲು ಗತ್ತಾಗಿರುವುದರಿಂದ ಹೊಸಬರು ಅದನ್ನೇ ಹೇಳಿ ಸಿಕ್ಕಿಹಾಕಿಕೊಳ್ಳುತ್ತಾರೆ. ಇರಾನಿನಲ್ಲಿ ಪೊಲೀಸರ ವಶದಲ್ಲಿದ್ದ ಮಹ್ಸಾ ಅಮೀನಿ ಎಂಬ ಯುವತಿಯ ಸಾವಿನ ಬಳಿಕ, 2022ರ ಡಿಸೆಂಬರಿನಲ್ಲಿ, ಇರಾನನ್ನು ಮಹಿಳಾ ಆಯೋಗದಿಂದ ತೆಗೆದುಹಾಕಲು ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ ಮತ ಹಾಕಿದರು. ಪರ 29, ವಿರೋಧ 8, ತಟಸ್ಥ 16. ಆ ಹದಿನಾರರಲ್ಲಿ ಭಾರತವೂ ಒಂದು. ಆದ್ದರಿಂದ ಭಾರತ ಸಿಕ್ಕವರು ಬೆಳಿಗ್ಗೆ ಬರೀ 'ಪ್ರೆಸೆಂಟ್' ಅನ್ನಿ. ಹುಮ್ಮಸ್ಸಿನಲ್ಲಿ ಇನ್ನೆರಡು ಪದ ಸೇರಿಸಿ, ಸಂಜೆ ಹೌದು ಅಥವಾ ಇಲ್ಲ ಎಂದು ಬಾಯಿಬಿಟ್ಟು ಹೇಳುವ ಪರಿಸ್ಥಿತಿ ಬಂದರೆ ಕೈಪಿಡಿಯವರು ಹೊಣೆಯಲ್ಲ.