ಮಾನವೋತ್ತರ ಪಿಎಚ್.ಡಿ.: ಮಾಡುವ ವಿಧಾನ

ಮೊದಲು ಶೀರ್ಷಿಕೆ ಬರೆಯಿರಿ; ವಿಷಯ ಆಮೇಲೆ ಸಿಗುತ್ತದೆ. ಆರಂಭದಲ್ಲಿ 'ಮಾನವೋತ್ತರ' (ಇಂಗ್ಲಿಷಿನ ಪೋಸ್ಟ್‌ಹ್ಯೂಮನ್), ಕೊನೆಯಲ್ಲಿ 'ಒಂದು ಅಧ್ಯಯನ' ಇರಲಿ. ನಡುವೆ ಯಶವಂತ ಚಿತ್ತಾಲರನ್ನು ಕೂರಿಸಿ. ಮುಂಬಯಿಯಲ್ಲಿದ್ದು ಕನ್ನಡ ಸಂಶೋಧನೆ ಮಾಡುವವರು ಅವರನ್ನು ಬಿಟ್ಟರೆ ಜನ ಅನುಮಾನಿಸುತ್ತಾರೆ.

ಆದರೆ ಅವರ ಕಾದಂಬರಿ 'ಶಿಕಾರಿ' (1979) ಓದಬೇಡಿ. ಓದಿದರೆ ಕಂಪನಿಯವರ ಸಂಚಿಗೆ ಸಿಕ್ಕ ನಾಗಪ್ಪನ ಮೇಲೆ ಮರುಕ ಹುಟ್ಟುತ್ತದೆ. ಮರುಕ ಮಾನವಕೇಂದ್ರಿತ, ಅಧ್ಯಾಯ ಹಾಳು. ತೇಜಸ್ವಿಯವರ 'ಕರ್ವಾಲೊ' (1980) ಇನ್ನೂ ಅಪಾಯಕಾರಿ. ಹಾರುವ ಓತಿಯ ಬೆನ್ನು ಹತ್ತಿದವರ ಜೊತೆ ನೀವೂ ನಗುತ್ತ ಹೊರಟುಬಿಡುತ್ತೀರಿ. ನಗುವಿಗೆ ಅಡಿಟಿಪ್ಪಣಿ ಹಾಕಲು ಬರುವುದಿಲ್ಲ.

ಸಿದ್ಧಾಂತಕ್ಕೆ ಮೂರು ಹೆಸರು, ಮೂರು ಇಸವಿ ಬಾಯಿಪಾಠ ಮಾಡಿ: ಹ್ಯಾರವೇ 1985, ಹೇಲ್ಸ್ 1999, ಬ್ರೈಡೋಟಿ 2013. ಉಚ್ಚಾರದ ಬಗ್ಗೆ ಅನುಮಾನವಿದ್ದಲ್ಲಿ ಕೆಮ್ಮಿ. ಹೇಲ್ಸ್ ಪುಸ್ತಕವನ್ನಂತೂ ತೆರೆಯಲೇಬೇಡಿ. ದೇಹದ ಹಂಗಿಲ್ಲದೆ ಮಾಹಿತಿ ತೇಲಾಡುತ್ತದೆಂಬ ಕನಸನ್ನೇ ಆಕೆ ಅನುಮಾನಿಸುತ್ತಾರೆ. ಬೆಳಗಿನ ವಿರಾರ್ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಬರುವವರಿಗೆ ಇದು ತಟ್ಟನೆ ಅರ್ಥವಾಗಿಬಿಡಬಹುದು.

ಮಾನವೇತರ ಜೀವಿಗಳ ಅಧ್ಯಾಯಕ್ಕೆ ಚಿರತೆ ಇದೆ. ಬೊರಿವಲಿಯ ಕಾಡಿನ ಚಿರತೆಗಳು ಆರೆ ಕಾಲನಿಗೂ ಬಂದುಹೋಗುತ್ತವೆ. ಅಲ್ಲಿನ ವಾರ್ಲಿ ಆದಿವಾಸಿಗಳು ಹುಲಿ-ಚಿರತೆಗಳ ದೇವರಾದ ವಾಘೋಬಾನಿಗೆ ಕೈಮುಗಿದು ಅವುಗಳ ಪಕ್ಕದಲ್ಲೇ ಬದುಕುತ್ತಾರೆ. ಅವರನ್ನು ಮಾತಾಡಿಸಬೇಡಿ. ಮಾತಾಡಿಸಿದರೆ ಕ್ಷೇತ್ರಕಾರ್ಯವಾಗುತ್ತದೆ. 2022ರ ಯುಜಿಸಿ ನಿಯಮ ಪಿಎಚ್.ಡಿ.ಗೆ ಆರು ವರ್ಷಕ್ಕೆ ಗೆರೆ ಎಳೆದಿದೆ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಅಷ್ಟರಲ್ಲಿ ಚಿರತೆ, ವಾರ್ಲಿ ಎಂದು ಅಲೆದರೆ ಬರೆಯುವುದು ಯಾವಾಗ? ಚಿರತೆಯನ್ನು 'ಮಾನವೇತರ ಅನ್ಯ' ಎನ್ನಿ, ಮುಂದಿನ ಪುಟಕ್ಕೆ ಹೋಗಿ.

ಕೃತಿಚೌರ್ಯ ಹಿಡಿಯುವ ತಂತ್ರಾಂಶಕ್ಕೆ ಹೆದರಬೇಡಿ. 2018ರ ಯುಜಿಸಿ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅಷ್ಟನ್ನು ಪಿತ್ರಾರ್ಜಿತವೆಂದು ತಿಳಿಯಿರಿ. ಉಳಿದದ್ದನ್ನು ಇಂಗ್ಲಿಷಿನಿಂದ ಎತ್ತಿ ಕನ್ನಡಕ್ಕೆ ತನ್ನಿ. ಯಂತ್ರ ಹುಡುಕುವುದು ಪದಗಳನ್ನು, ವಿಚಾರವನ್ನಲ್ಲ. ಅನುವಾದವನ್ನೂ ಯಂತ್ರಕ್ಕೇ ಬಿಡಿ. ವಾಕ್ಯ ನಿಮಗೇ ಅರ್ಥವಾಗದಿದ್ದರೆ ತಿದ್ದಲು ಹೋಗಬೇಡಿ, ಸಿದ್ಧಾಂತ ಇಳಿದು ಬಂದಿರುವ ಲಕ್ಷಣ ಅದು.

ಮಾರ್ಗದರ್ಶಕರಿಗೆ ಅಧ್ಯಾಯಗಳನ್ನು ಕೊಟ್ಟು ತೊಂದರೆ ಕೊಡಬೇಡಿ. ಅವರ ಷಷ್ಟ್ಯಬ್ದಿಯ ಅಭಿನಂದನ ಗ್ರಂಥಕ್ಕೆ ಲೇಖನ ಕೊಡಿ, ಮಾಟುಂಗದ ಕನ್ನಡ ಸಭೆಗಳಲ್ಲಿ ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸಿ, ಮನೆಗೆ ಟ್ಯಾಕ್ಸಿ ಮಾಡಿಕೊಡಿ.

ಮೌಖಿಕ ಪರೀಕ್ಷೆಯ ದಿನ ಶಾಲು, ಹಾರ, ಫೋಟೊ ತೆಗೆಯುವವನು ಸಿದ್ಧವಿರಲಿ. ಪರೀಕ್ಷಕರು ಪ್ರಬಂಧ ಓದಿರುವುದಿಲ್ಲ. ಪರಸ್ಪರ ಗೌರವ ಅಲ್ಲಿಂದಲೇ ಶುರುವಾಗುತ್ತದೆ. ಆದರೂ ಯಾರಾದರೂ ಕನ್ನಡಕ ಏರಿಸಿ, "ಇದನ್ನೆಲ್ಲ ನೀವೇ ಬರೆದಿರಾ?" ಎಂದು ಕೇಳಿದರೆ ಬೆವರಬೇಡಿ. "ಸರ್, ಕರ್ತೃ ಎಂಬ ಮಾನವಕೇಂದ್ರಿತ ಕಲ್ಪನೆಯನ್ನೇ ಈ ಪ್ರಬಂಧ ಪ್ರಶ್ನಿಸುತ್ತದೆ" ಎನ್ನಿ, ಸಮೋಸದ ತಟ್ಟೆಯನ್ನು ಅವರತ್ತ ಸರಿಸಿ.